ಬೇಸಗೆಯ ಮೊದಲ ಮಳೆಗೆ ಕೆರೆಯ ಮೀನು ಸಾಯುವುದೇಕೆ?

ಕೆಲವು ವರ್ಷಗಳ ಹಿಂದೆ ಏಪ್ರಿಲ್ ಕೊನೆಯ ವಾರದಲ್ಲಿ, ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗಿರುವ ನಮ್ಮ ಊರಿನಲ್ಲಿ ಒಂದು ಸಂಜೆ ಗುಡುಗು ಗಾಳಿಯೊಡನೆ ವರ್ಷದ ಮೊದಲ ಮಳೆ ಸುರಿಯಿತು. ಮರುದಿನ ಬೆಳಗ್ಗೆ ಬೈಲಿನ ಕೆರೆಯಲ್ಲಿ ನೂರಾರು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಯಾರೋ ವಿಷ ಬೆರೆಸಿದ್ದಾರೆ ಎಂದು ಕೆಲವರು, ಕೆರೆಗೆ ಸಿಡಿಲು ಬಡಿದಿದೆ ಎಂದು ಕೆಲವರು ಹೇಳಿದರು. ಎರಡು ಮನೆಯವರು ಪರಸ್ಪರ ಮಾತು ಬಿಡುವವರೆಗೂ ಆ ಗುಮಾನಿ ಬೆಳೆಯಿತು. ಅಂದು ಯಾರೂ ಆ ನೀರನ್ನು ಪರೀಕ್ಷಿಸಲಿಲ್ಲ. ಆದರೆ ಆ ವರ್ಷದ ಬಿಸಿಲು, ನೀರಿಗಿದ್ದ ಗಾಢ ಹಸಿರು ಬಣ್ಣ, ಸಂಜೆಯ ತಣ್ಣನೆಯ ಮಳೆ, ಬೆಳಗಿನ ಜಾವದ ಸಾವು, ಈ ನಾಲ್ಕನ್ನೂ ಜೊತೆಗಿಟ್ಟು ನೋಡಿದರೆ ವಿಷಕ್ಕಿಂತ ಹೆಚ್ಚು ಸರಳವಾದ ವಿವರಣೆಯೊಂದು ದೊರೆಯುತ್ತದೆ. ಸಿಹಿನೀರಿನ ಜೀವಲೋಕವನ್ನು ಅಧ್ಯಯನ ಮಾಡುವ ವಿಜ್ಞಾನ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಅದೇ ಒಳ್ಳೆಯ ದಾರಿ.

ಮೀನೂ ನಮ್ಮಂತೆಯೇ ಆಮ್ಲಜನಕವನ್ನು ಉಸಿರಾಡುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಅದೇ ಒಂದು ಲೀಟರ್ ನೀರಿನಲ್ಲಿ, ನಮ್ಮ ಬೇಸಗೆಯ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಗಾಳಿಯಿಂದ ಕರಗಿ ನಿಲ್ಲಬಲ್ಲುದು ಏಳೂವರೆ ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ. ಹಿಮಗಟ್ಟುವ ಹೊತ್ತಿನ ತಣ್ಣೀರಿನಲ್ಲಿ ಲೀಟರಿಗೆ ಹದಿನಾಲ್ಕು ಮಿಲಿಗ್ರಾಂಗೂ ಮಿಕ್ಕಿ ಕರಗುತ್ತದೆ. ಉಷ್ಣವಲಯದ ಕೆರೆಯ ಮೀನು ಹೀಗೆ ಯಾವಾಗಲೂ ಬಿಗಿಯಾದ ಲೆಕ್ಕದಲ್ಲಿ ಬದುಕುತ್ತಿರುತ್ತದೆ.

ಈ ಲೆಕ್ಕ ದಿನವಿಡೀ ಒಂದೇ ರೀತಿ ಇರುವುದಿಲ್ಲ. ಕೆರೆಯ ನೀರನ್ನು ಹಸಿರಾಗಿಸುವ ಸೂಕ್ಷ್ಮ ಪಾಚಿಗಳು ಹಗಲಲ್ಲಿ ಬಿಸಿಲನ್ನು ಬಳಸಿ ಆಹಾರ ತಯಾರಿಸುತ್ತವೆ ಮತ್ತು ಆಮ್ಲಜನಕವನ್ನು ಹೊರಬಿಡುತ್ತವೆ. ಆದುದರಿಂದ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಹಸಿರು ಕೆರೆಯ ಮೇಲ್ಪದರದಲ್ಲಿ ಆಮ್ಲಜನಕವು ಅಗತ್ಯಕ್ಕಿಂತ ಹೆಚ್ಚೇ ಇರಬಹುದು. ಸೂರ್ಯ ಮುಳುಗಿದ ಮೇಲೆ ತಯಾರಿ ನಿಲ್ಲುತ್ತದೆ, ಉಸಿರಾಟ ಮಾತ್ರ ನಿಲ್ಲುವುದಿಲ್ಲ: ಮೀನು, ಹುಳ, ಬ್ಯಾಕ್ಟೀರಿಯಾಗಳೊಂದಿಗೆ ಆ ಪಾಚಿಗಳೂ ಇರುಳಿಡೀ ಆಮ್ಲಜನಕವನ್ನು ಖರ್ಚು ಮಾಡುತ್ತವೆ. ಹೀಗಾಗಿ ಅದು ಅತ್ಯಂತ ಕಡಿಮೆಯಾಗುವುದು ಬೆಳಗಿನ ಜಾವದಲ್ಲಿ. ಮೀನುಗಳು ಮುಂಜಾನೆ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುವುದನ್ನು ಕಂಡವರು ಈ ಕೊರತೆಯನ್ನೇ ಕಂಡಿರುತ್ತಾರೆ.

ಇನ್ನು ಮಳೆಯ ಪಾತ್ರ. ಬಿಸಿನೀರು ಹಗುರ, ತಣ್ಣೀರು ಭಾರ. ಬೇಸಗೆಯಲ್ಲಿ ಕೆರೆಯ ಮೇಲ್ಭಾಗ ಕಾದು, ತಳದ ತಣ್ಣನೆಯ ನೀರಿನ ಮೇಲೆ ಎಣ್ಣೆಯಂತೆ ಕುಳಿತುಬಿಡುತ್ತದೆ. ಚಳಿದೇಶಗಳ ನೀರಿಗಿಂತ ನಮ್ಮ ಬೆಚ್ಚನೆಯ ನೀರಿನಲ್ಲಿ ಒಂದೊಂದು ಡಿಗ್ರಿಗೂ ಸಾಂದ್ರತೆ ಹಲವು ಪಟ್ಟು ಹೆಚ್ಚು ಬದಲಾಗುವುದರಿಂದ, ಆಳೆತ್ತರದ ಸಣ್ಣ ಕೆರೆಯಲ್ಲಿ ಎರಡು ಮೂರು ಡಿಗ್ರಿಯ ವ್ಯತ್ಯಾಸವೇ ಇಂತಹ ಪದರಗಳನ್ನು ಉಂಟುಮಾಡಲು ಸಾಕು. ಮೇಲಿನ ಗಾಳಿಯ ಸಂಪರ್ಕ ತಪ್ಪಿದ ತಳದಲ್ಲಿ ಅಡಿಕೆ ಸೋಗೆ, ಹಾಳೆ, ತರಗೆಲೆಗಳು ಕೊಳೆಯುತ್ತಾ ಇದ್ದ ಆಮ್ಲಜನಕವನ್ನೆಲ್ಲ ತೀರಿಸಿಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಲ್ಲಿ ಶೇಖರವಾಗುತ್ತದೆ. ಆಗ ಬರುವ ಮೊದಲ ಮಳೆಯ ತಣ್ಣನೆಯ ನೀರು ಭಾರದಿಂದ ಕೆಳಕ್ಕಿಳಿಯುತ್ತದೆ, ಗಾಳಿ ಮೇಲಿನಿಂದ ಕದಡುತ್ತದೆ, ವಾರಗಟ್ಟಲೆ ಕೆಳಗೆ ಮುಚ್ಚಿಕೊಂಡಿದ್ದ ಉಸಿರಿಲ್ಲದ ನೀರು ಒಂದೇ ರಾತ್ರಿಯಲ್ಲಿ ಇಡೀ ಕೆರೆಯೊಳಗೆ ಬೆರೆಯುತ್ತದೆ. ಅದು ಬೆಳಗಿನ ಜಾವದ ಕೊರತೆಯೊಂದಿಗೆ ಕೂಡಿಕೊಂಡರೆ ಮೀನುಗಳಿಗೆ ಓಡಿಹೋಗಲು ಜಾಗವೇ ಇರುವುದಿಲ್ಲ. ನಮ್ಮೂರಿನ ಕೆರೆಯಲ್ಲಿ ನಡೆದದ್ದು ಬಹುಮಟ್ಟಿಗೆ ಇದೇ ಎಂದು ನಾನು ನಂಬಿದ್ದೇನೆ. ಅಂದು ಐದು ನಿಮಿಷದ ಒಂದು ಆಮ್ಲಜನಕ ಪರೀಕ್ಷೆ ನಡೆದಿದ್ದರೆ ಎರಡು ಮನೆಗಳ ನಡುವಿನ ವೈಮನಸ್ಯ ತಪ್ಪುತ್ತಿತ್ತು.

ಕೆರೆಯ ಬೆಳಕು, ಶಾಖ, ಕರಗಿದ ಅನಿಲಗಳು, ಲವಣಗಳು ಮತ್ತು ಜೀವಿಗಳನ್ನು ಹೀಗೆ ಒಟ್ಟಾಗಿ ನೋಡುವ ಶಾಸ್ತ್ರಕ್ಕೆ ಲಿಮ್ನಾಲಜಿ ಎಂಬ ಹೆಸರಿದೆ. ಸ್ವಿಟ್ಜರ್ಲೆಂಡಿನ ಫ್ರಾಂಸ್ವಾ ಅಲ್ಫೋನ್ಸ್ ಫೊರೆಲ್ ತಮ್ಮ ಮನೆಯ ಎದುರಿಗಿದ್ದ ಜಿನೀವಾ ಸರೋವರವೊಂದನ್ನೇ ಜೀವಮಾನವಿಡೀ ಅಭ್ಯಸಿಸಿ, 1892ರಿಂದ 1904ರ ನಡುವೆ ಮೂರು ಸಂಪುಟಗಳಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಈ ಶಾಸ್ತ್ರದ ತಳಹದಿ ಬಿದ್ದದ್ದು ಅಲ್ಲಿ. ಅದಕ್ಕೂ ಮೊದಲು, 1887ರಲ್ಲಿ, ಅಮೆರಿಕದ ಸ್ಟೀಫನ್ ಫೋರ್ಬ್ಸ್ ಕೆರೆಯೆಂಬುದು ತನ್ನಷ್ಟಕ್ಕೆ ಒಂದು ಪುಟ್ಟ ಜಗತ್ತು, ಅದರ ಯಾವ ಒಂದು ಜೀವಿಯನ್ನು ತಿಳಿಯಬೇಕಾದರೂ ಉಳಿದೆಲ್ಲವನ್ನೂ ನೋಡಲೇಬೇಕು ಎಂದು ವಾದಿಸಿದ್ದರು. ನೀರು ಎಲ್ಲಿಂದ ಬಂತು, ಎಷ್ಟಿದೆ, ಎಲ್ಲಿಗೆ ಹೋಯಿತು ಎಂದು ಕೇಳುವ ಜಲವಿಜ್ಞಾನ ಬೇರೆ. ಅದರಲ್ಲಿ ಬದುಕು ಹೇಗೆ ನಡೆಯುತ್ತಿದೆ ಎಂಬುದು ಲಿಮ್ನಾಲಜಿಯ ಪ್ರಶ್ನೆ. ಕೆರೆಗಳಿಂದ ಆರಂಭವಾದ ಈ ಅಧ್ಯಯನ ಇಂದು ಹೊಳೆ, ತೋಡು, ಗದ್ದೆ, ಅಂತರ್ಜಲಗಳನ್ನೂ ಒಳಗೊಂಡಿದೆ.

ಕಾಸರಗೋಡಿನವರಾದ ನಾವು ಮೊದಲನೆಯ, ಅಂದರೆ ನೀರು ಎಷ್ಟಿದೆ ಎಂಬ ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೂ ರಂಧ್ರಗಳಿರುವ ಕೆಂಪು ಮುರಕಲ್ಲಿನ ನೆಲದಲ್ಲಿ ಅದು ಬೇಗನೆ ಇಳಿದುಹೋಗುವುದರಿಂದ ನಮ್ಮ ಹಿರಿಯರು ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಸುರಂಗ ತೋಡಿದರು, ಮಳೆನೀರು ನಿಲ್ಲಿಸುವ ಮದಕ ಕಟ್ಟಿದರು, ತೋಡುಗಳಿಗೆ ಕಟ್ಟ ಹಾಕಿದರು. ಪಂಪು ಎಷ್ಟು ಗಂಟೆ ಓಡಿತು, ಬಾವಿಯಲ್ಲಿ ಎಷ್ಟು ರಿಂಗು ನೀರಿದೆ ಎಂದು ಕೇಳಿದರೆ ಯಾವ ಕೃಷಿಕರೂ ಥಟ್ಟನೆ ಹೇಳುತ್ತಾರೆ. ಅದೇ ನೀರಿನಲ್ಲಿ ಏನೇನು ಬದುಕಿದೆ ಎಂಬ ಲೆಕ್ಕವನ್ನು ಮಾತ್ರ ನಾವು ಇಡಲಿಲ್ಲ. ಎರಡನೆಯ ಲೆಕ್ಕವಿಲ್ಲದೆ ಮೊದಲನೆಯದೂ ಅರ್ಧವೇ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೆರೆ ಹಸಿರಾಗುವುದೇಕೆ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳಿವೆ. ಅವುಗಳಲ್ಲಿ 226 ಎಂಬ ಸಂಖ್ಯೆಯ ಸರೋವರವನ್ನು 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಪರದೆಯೊಂದನ್ನು ಇಳಿಬಿಟ್ಟು ಎರಡಾಗಿ ವಿಭಾಗಿಸಿದರು. ಎರಡೂ ಭಾಗಗಳಿಗೆ ಸಾರಜನಕ ಮತ್ತು ಇಂಗಾಲವನ್ನು ಸೇರಿಸಲಾಯಿತು. ಒಂದಕ್ಕೆ ಮಾತ್ರ ಜೊತೆಗೆ ರಂಜಕವನ್ನು ಹಾಕಲಾಯಿತು. ರಂಜಕ ಬಿದ್ದ ಭಾಗ ದಟ್ಟ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಆ ಒಂದು ಚಿತ್ರವು ಸಾಬೂನು ಪುಡಿಗಳಲ್ಲಿನ ರಂಜಕವೇ ಕೆರೆಗಳನ್ನು ಹಸಿರಾಗಿಸುತ್ತದೆಯೇ ಎಂದು ಅಂದು ನಡೆಯುತ್ತಿದ್ದ ದೊಡ್ಡ ವಾದಕ್ಕೆ ಉತ್ತರವಾಯಿತು. ನಮ್ಮ ತೋಟಗಳಿಗೆ ಹಾಕುವ ರಾಕ್ ಫಾಸ್ಫೇಟ್, ಹಟ್ಟಿಗೊಬ್ಬರ, ತೋಡಿನ ಬದಿಯ ಬಟ್ಟೆ ಒಗೆಯುವ ಕಲ್ಲು, ಮನೆಗಳ ಬಚ್ಚಲುನೀರು ಇವೆಲ್ಲವೂ ರಂಜಕದ ದಾರಿಗಳೇ. ಪಾಚಿಯನ್ನು ಬಲೆ ಹಾಕಿ ಎತ್ತಿದರೂ ಮತ್ತೆ ಬರುವುದು ಈ ದಾರಿಗಳು ತೆರೆದಿರುವುದರಿಂದ.

ಹರಿಯುವ ನೀರಿನ ಬದುಕು ಬೇರೆಯೇ ರೀತಿಯದು. ಕೊಡಗಿನ ಮಲೆಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ನಮ್ಮ ಜಿಲ್ಲೆಯಲ್ಲಿ ಚಂದ್ರಗಿರಿಯಾಗಿ ಕಡಲು ಸೇರುವ ಪಯಸ್ವಿನಿಯನ್ನು ನೆನೆಯಿರಿ. ಕಾಡಿನ ನೆರಳಿನಲ್ಲಿ ಹರಿಯುವ ಅದರ ಮೇಲಿನ ಸಣ್ಣ ಹಳ್ಳಗಳಿಗೆ ಬಿಸಿಲು ತಲುಪುವುದು ಕಡಿಮೆ. ಅಲ್ಲಿಯ ಜೀವಿಗಳಿಗೆ ಅನ್ನ ಬರುವುದು ಮೇಲಿನಿಂದ ಉದುರುವ ಎಲೆಗಳಿಂದ. ನೀರಿಗೆ ಬಿದ್ದ ಎಲೆಯನ್ನು ಮೊದಲು ಶಿಲೀಂಧ್ರಗಳು ಮೆತ್ತಗಾಗಿಸುತ್ತವೆ. ಬಳಿಕ ಎಲೆ ಹರಿದು ತಿನ್ನುವ ಕೀಟಗಳ ಮರಿಗಳು ಅದನ್ನು ಚೂರು ಮಾಡುತ್ತವೆ. ಆ ಚೂರುಗಳನ್ನು ಕೆಳಗಡೆ ನೂಲಿನ ಬಲೆ ಕಟ್ಟಿಕೊಂಡು ಕುಳಿತ ಇತರ ಮರಿಗಳು ಸೋಸಿ ತಿನ್ನುತ್ತವೆ. ಹೊಳೆ ಅಗಲವಾಗಿ ಬಿಸಿಲು ಬಿದ್ದಲ್ಲಿ ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಜೀವಿಗಳು ಹೆಚ್ಚುತ್ತವೆ. ಮೇಲಿನಿಂದ ಕೆಳಕ್ಕೆ ಹೊಳೆ ಒಂದೇ ಸರಪಣಿ ಎಂಬ ಈ ವಿಚಾರವನ್ನು 1980ರಲ್ಲಿ ರಾಬಿನ್ ವಾನೊಟ್ ಮತ್ತು ಸಂಗಡಿಗರು ಮಂಡಿಸಿದರು. ಸಮಶೀತೋಷ್ಣ ವಲಯದ ಹೊಳೆಗಳನ್ನು ನೋಡಿ ರೂಪಿಸಿದ ಆ ಚಿತ್ರ ಮಳೆಗಾಲದಲ್ಲಿ ಉಕ್ಕಿ, ಬೇಸಗೆಯಲ್ಲಿ ಗುಂಡಿಗಳಾಗಿ ಒಡೆಯುವ ನಮ್ಮ ಹೊಳೆಗಳಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ಆದರೂ ದಡದ ಮರ ಕಡಿದರೆ ನೀರಿನೊಳಗಿನ ಊಟ ಬದಲಾಗುತ್ತದೆ ಎಂಬ ಮೂಲ ಮಾತು ಇಲ್ಲಿಗೂ ಸಲ್ಲುತ್ತದೆ.

ಈ ಪುಟ್ಟ ಕೀಟಗಳು ಇನ್ನೊಂದು ಕೆಲಸಕ್ಕೂ ಬರುತ್ತವೆ. ಪ್ರಯೋಗಾಲಯಕ್ಕೆ ಒಯ್ದ ಬಾಟಲಿಯ ನೀರು ಆ ಒಂದು ಕ್ಷಣದ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಕಲ್ಲಿನಡಿಯಲ್ಲಿ ತಿಂಗಳುಗಟ್ಟಲೆ ಬದುಕುವ ಮರಿಹುಳ ಮಾತ್ರ ಆ ತಿಂಗಳುಗಳ ಸಾಕ್ಷಿ. ಬಾಲದಲ್ಲಿ ಎರಡೋ ಮೂರೋ ಎಳೆಗಳಿರುವ ಮೇಫ್ಲೈ ಮರಿಗಳು, ಮರಳು ಕಣಗಳನ್ನು ಅಂಟಿಸಿ ತಮಗೆ ತಾವೇ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್ ಮರಿಗಳು ಸಾಮಾನ್ಯವಾಗಿ ಆಮ್ಲಜನಕ ತುಂಬಿದ ಶುದ್ಧ ನೀರನ್ನು ಬಯಸುತ್ತವೆ. ಕೆಸರಿನಲ್ಲಿ ರಕ್ತವರ್ಣದ ಸಣ್ಣ ಹುಳಗಳು ಮಾತ್ರ ತುಂಬಿಕೊಂಡಿದ್ದರೆ ಅಲ್ಲಿ ಉಸಿರಿನ ಕೊರತೆಯಿದೆ ಎಂದು ತಿಳಿಯಬೇಕು. ಅವುಗಳ ಮೈಯ ಕೆಂಪು ನಮ್ಮ ರಕ್ತದಲ್ಲಿರುವಂತಹುದೇ ಹಿಮೋಗ್ಲೋಬಿನ್, ಕಡಿಮೆ ಆಮ್ಲಜನಕದಲ್ಲಿ ಬದುಕಲು ಅವಕ್ಕೆ ಅದು ನೆರವಾಗುತ್ತದೆ. ಶಾಲೆಯ ಮಕ್ಕಳು ತೋಡಿಗಿಳಿದು ಹತ್ತು ಕಲ್ಲುಗಳನ್ನು ಮಗುಚಿ ನೋಡಿ ಬರೆದಿಟ್ಟರೆ ಅದೂ ಒಂದು ವೈಜ್ಞಾನಿಕ ದಾಖಲೆಯೇ. ಕೆರೆಯಾದರೆ ಇನ್ನೂ ಸುಲಭದ ಸಾಧನವಿದೆ: 1865ರಲ್ಲಿ ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ ಕಡಲಿನಲ್ಲಿ ಬಳಸಿದ ಬಿಳಿ ತಟ್ಟೆಯ ಮಾದರಿಯಲ್ಲಿ ಇಪ್ಪತ್ತು ಸೆಂಟಿಮೀಟರ್ ಅಗಲದ ಕಪ್ಪುಬಿಳುಪಿನ ಬಿಲ್ಲೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಅಳೆಯುವುದು. ಜಗತ್ತಿನ ಸರೋವರ ತಜ್ಞರು ಇಂದಿಗೂ ಇದನ್ನು ಬಳಸುತ್ತಾರೆ.

ನಮ್ಮ ಕಟ್ಟಗಳ ಮಾತಿಗೆ ಬರುತ್ತೇನೆ, ಏಕೆಂದರೆ ಈ ವಿಜ್ಞಾನದ ಕಣ್ಣಿನಿಂದ ನೋಡಿದಾಗ ಅವುಗಳ ಬೆಲೆ ಇನ್ನಷ್ಟು ಹೆಚ್ಚುತ್ತದೆ. ಮಳೆ ನಿಂತು ತೋಡಿನ ಹರಿವು ಸೊರಗತೊಡಗಿದಾಗ ಕಲ್ಲು, ಮಣ್ಣು, ಅಡಿಕೆ ಮರಗಳಿಂದ ತೋಡಿಗೆ ಅಡ್ಡಲಾಗಿ ಕಟ್ಟುವ ತಾತ್ಕಾಲಿಕ ತಡೆಯೇ ಕಟ್ಟ. ನಮ್ಮ ಜಿಲ್ಲೆಯ ಏತಡ್ಕದಲ್ಲಿ ಒಂದರ ಕೆಳಗೆ ಒಂದರಂತೆ ಸಾಲಾಗಿ ಇಂತಹವುಗಳನ್ನು ಊರವರೇ ಸೇರಿ ಕಟ್ಟುತ್ತಾ ಬಂದಿದ್ದಾರೆ. ಸುತ್ತಲಿನ ಬಾವಿ, ಸುರಂಗಗಳ ಒರತೆ ಇದರಿಂದ ಉಳಿಯುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ ಕಟ್ಟವು ಮಳೆಗಾಲದಲ್ಲಿ ಇರುವುದಿಲ್ಲ. ಜೂನ್ ತಿಂಗಳ ಮೊದಲ ಪ್ರವಾಹಕ್ಕೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೀನುಗಳು ಮೊಟ್ಟೆಯಿಡಲು ಏರಿ ಬರುತ್ತವೆ. ಮಲೆನಾಡಿನವರು ಇದನ್ನು ಹತ್ತುಮೀನು ಎನ್ನುತ್ತಾರೆ, ಮಲಯಾಳದಲ್ಲಿ ಇದಕ್ಕೆ ಊತ್ತ ಎಂದು ಹೆಸರು. ಆ ಹೊತ್ತಿಗೆ ಕಟ್ಟ ತೆರೆದಿರುವುದರಿಂದ ಅವುಗಳ ದಾರಿ ಮುಚ್ಚುವುದಿಲ್ಲ, ಬೇಸಗೆಯಲ್ಲಿ ಶೇಖರವಾದ ಹೂಳೂ ಕೊಚ್ಚಿಹೋಗುತ್ತದೆ. ವರ್ಷವಿಡೀ ನಿಲ್ಲುವ ಎತ್ತರದ ಕಾಂಕ್ರೀಟ್ ಅಣೆಕಟ್ಟು ಈ ಎರಡೂ ದಾರಿಗಳನ್ನು ಕಡಿದುಬಿಡುತ್ತದೆ. ಪ್ರತಿವರ್ಷ ಕಟ್ಟ ಕಟ್ಟಲು ಆಳು ಸಿಗುವುದಿಲ್ಲ, ಖರ್ಚು ಹೆಚ್ಚು ಎಂಬ ಕೃಷಿಕರ ಕಷ್ಟ ನಿಜವಾದುದೇ. ಹಾಗಾಗಿ ಶಾಶ್ವತ ಕಟ್ಟಡ ಬೇಕೆಂದಾದಲ್ಲಿ ಮಳೆಗಾಲದಲ್ಲಿ ಹಲಗೆಗಳನ್ನು ಪೂರ್ತಿಯಾಗಿ ತೆಗೆದಿಡುವ ಕಿಂಡಿ ಅಣೆಕಟ್ಟೇ ಮೇಲು, ಮತ್ತು ಆ ಹಲಗೆಗಳನ್ನು ಮೊದಲ ನೆರೆಗೆ ಮುನ್ನವೇ ತೆಗೆಯಬೇಕು. ಏರುವ ಮೀನುಗಳನ್ನು ಅಡ್ಡಗಟ್ಟಿ ಹಿಡಿಯುವುದನ್ನು ಕೇರಳದ 2010ರ ಒಳನಾಡು ಮೀನುಗಾರಿಕಾ ಕಾಯಿದೆ ನಿಷೇಧಿಸಿದೆ. ಬಸಿರ ಮೀನು ಹಿಡಿದರೆ ಮುಂದಿನ ವರ್ಷದ ಸಂತತಿಯೇ ಹೋಗುತ್ತದೆ.

ಹೊಯ್ಗೆ, ಅಂದರೆ ಮರಳು ತೆಗೆಯುವ ಪ್ರಶ್ನೆಯೂ ಇಲ್ಲಿಗೆ ಸೇರಿದ್ದೇ. ಹೊಳೆಯ ಹೊಯ್ಗೆಯ ಪ್ರತಿಯೊಂದು ಕಣದ ಮೇಲೂ ಬ್ಯಾಕ್ಟೀರಿಯಾಗಳ ತೆಳುವಾದ ಪೊರೆಯಿರುತ್ತದೆ. ಕಣಗಳ ನಡುವೆ ನೀರು ಜಿನುಗುವಾಗ ಅದರಲ್ಲಿ ಬೆರೆತ ಕಶ್ಮಲವನ್ನು ಈ ಪೊರೆ ಕರಗಿಸುತ್ತದೆ. ಊರ ಕುಡಿಯುವ ನೀರನ್ನು ಮರಳಿನಲ್ಲಿ ಸೋಸುವ ಘಟಕಗಳು ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಹೊಯ್ಗೆ ಹೋದರೆ ಶುದ್ಧೀಕರಣವೂ ಹೋಗುತ್ತದೆ, ಹೊಳೆಯ ತಳ ತಗ್ಗಿ ಕಡಲಿನ ಉಪ್ಪುನೀರು ಇನ್ನಷ್ಟು ಒಳಕ್ಕೆ ನುಗ್ಗುತ್ತದೆ. ಉಪ್ಪುನೀರು ಭಾರವಾದುದರಿಂದ ಅದು ಸಿಹಿನೀರಿನಡಿಯಲ್ಲಿ ಬೆಣೆಯಂತೆ ತೂರಿ ಬರುತ್ತದೆ. ಕಾಸರಗೋಡು ಪೇಟೆಗೆ ನೀರು ಒದಗಿಸುವ ಬಾವಿಕ್ಕೆರೆಯಲ್ಲಿ ವರ್ಷ ವರ್ಷವೂ ಬೇಸಗೆಯಲ್ಲಿ ನಲ್ಲಿಯ ನೀರು ಉಪ್ಪಾಗುತ್ತಿದ್ದುದು ನಮ್ಮಲ್ಲಿ ಎಷ್ಟೋ ಮಂದಿಗೆ ನೆನಪಿರಬಹುದು.

ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಕ್ರಮದ ಬಗ್ಗೆಯೂ ಹೇಳಬೇಕು. ಮೈಲುತುತ್ತು ಮತ್ತು ಸುಣ್ಣ ಸೇರಿದ ಬೋರ್ಡೋ ದ್ರಾವಣವಿಲ್ಲದೆ ನಮ್ಮ ಮಳೆಯಲ್ಲಿ ಅಡಿಕೆ ಉಳಿಯುವುದು ಕಷ್ಟ. ನಾನೂ ಅಡಿಕೆ ತೋಟದ ಮನೆಯವನೇ. ಆದರೆ ಅದರಲ್ಲಿರುವ ತಾಮ್ರವು ಶಿಲೀಂಧ್ರವನ್ನು ಕೊಲ್ಲುವಂತೆಯೇ ನೀರಿನ ಪಾಚಿಯನ್ನೂ ಕೀಟಗಳನ್ನೂ ಮೀನಿನ ಮರಿಗಳನ್ನೂ ಕೊಲ್ಲಬಲ್ಲುದು. ತಾಮ್ರದ ವಿಷ ಸುಣ್ಣದ ಅಂಶವುಳ್ಳ ಗಡಸು ನೀರಿಗಿಂತ ಮೆದು ನೀರಿನಲ್ಲಿ ಹೆಚ್ಚು ತೀವ್ರವಾಗಿರುತ್ತದೆ ಎಂಬುದು ಪ್ರಯೋಗಗಳಿಂದ ದೃಢಪಟ್ಟ ಸಂಗತಿ. ಮುರಕಲ್ಲಿನ ನಡುವಿನಿಂದ ಬರುವ ನಮ್ಮ ನೀರು ಮೆದು, ಕೊಂಚ ಆಮ್ಲೀಯವೂ ಹೌದು. ಹೀಗಿರುವಾಗ ಮದ್ದಿನ ಡ್ರಮ್ಮನ್ನು ತೋಡಿನಲ್ಲಿ ತೊಳೆಯದಿರುವುದು, ಉಳಿದ ಮದ್ದನ್ನು ಕೆರೆಯ ಬದಿಯಲ್ಲಿ ಚೆಲ್ಲದಿರುವುದು ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳು.

ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯವನ್ನು ಬಿಟ್ಟು ಈ ಜಿಲ್ಲೆಯ ನೀರಿನ ಬಗ್ಗೆ ಬರೆಯಲಾಗದು. ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಗುಡ್ಡಗಳ ಗೇರುತೋಟಗಳ ಮೇಲೆ ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಹಿಡಿಯಿತು, ಅದೇ ವರ್ಷ, ಬಹುಕಾಲ ಉಳಿಯುವ ವಿಷಗಳನ್ನು ತೊಲಗಿಸಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಅದು ಸೇರಿತು. ಮನುಷ್ಯರ ಸಂಕಟ ಎಲ್ಲರಿಗೂ ತಿಳಿದಿದೆ, ಅದನ್ನು ಇಲ್ಲಿ ಎರಡು ವಾಕ್ಯಗಳಲ್ಲಿ ಮುಗಿಸಲು ನನಗೆ ಮನಸ್ಸು ಬಾರದು. ನೀರಿನ ಮಟ್ಟಿಗೆ ಹೇಳುವುದಾದರೆ, ಲೀಟರಿಗೆ ಒಂದೆರಡು ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದೆರಡು ಪಾಲು ಎಂಡೋಸಲ್ಫಾನ್ ಸಹ ಹಲವು ಜಾತಿಯ ಮೀನುಗಳಿಗೆ ಮಾರಕ. ಗುಡ್ಡದ ಮೇಲೆ ಬಿದ್ದದ್ದು ಮಳೆಯೊಡನೆ ಬೈಲಿಗಿಳಿಯುವ ಈ ನೆಲದಲ್ಲಿ, ತೋಡುಗಳ ಮೀನು, ಕಪ್ಪೆ, ಹುಳಗಳನ್ನು ವರ್ಷ ವರ್ಷವೂ ಎಣಿಸಿ ಬರೆದಿಟ್ಟವರು ಇದ್ದಿದ್ದರೆ ಆ ದಾಖಲೆ ಮೊದಲ ಒಂದೆರಡು ಮಳೆಗಾಲಗಳಲ್ಲೇ ಎಚ್ಚರಿಕೆ ನೀಡುತ್ತಿತ್ತು.

ಜಗತ್ತಿನ ಮಟ್ಟದಲ್ಲಿಯೂ ಈ ಎಚ್ಚರಿಕೆ ಮೊಳಗುತ್ತಿದೆ. ಹೊಳೆ, ಕೆರೆ, ಜೌಗುಗಳು ಭೂಮಿಯ ಮೇಲ್ಮೈಯ ಸಣ್ಣದೊಂದು ಪಾಲು ಮಾತ್ರವಾದರೂ ತಿಳಿದಿರುವ ಮೀನು ಜಾತಿಗಳಲ್ಲಿ ಸುಮಾರು ಅರ್ಧದಷ್ಟು ಅವುಗಳಲ್ಲಿವೆ. ಮೀನು, ಏಡಿ, ಸಿಗಡಿ, ಏರೋಪ್ಲೇನ್ ಚಿಟ್ಟೆಗಳೆಂದು ಮಕ್ಕಳು ಕರೆಯುವ ಕೊಡತಿಹುಳ ಮುಂತಾದ 23,000ಕ್ಕೂ ಹೆಚ್ಚು ಸಿಹಿನೀರಿನ ಜೀವಿಗಳನ್ನು ಪರಿಶೀಲಿಸಿ 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವುಗಳಲ್ಲಿ ನೂರಕ್ಕೆ 24 ಅಳಿವಿನ ಭೀತಿಯಲ್ಲಿವೆ. ಅಂತಹ ಜಾತಿಗಳು ದಟ್ಟವಾಗಿರುವ ಪ್ರದೇಶಗಳಲ್ಲಿ ನಮ್ಮ ಪಶ್ಚಿಮಘಟ್ಟವೂ ಒಂದು. ಕಾಡುಪ್ರಾಣಿಗಳ ಬಗ್ಗೆ ಕೇಳಿಬರುವ ದನಿ ಇವುಗಳ ಬಗ್ಗೆ ಕೇಳಿಬರುವುದಿಲ್ಲ, ಏಕೆಂದರೆ ಇವು ಸಾಯುವುದು ನೀರಿನಡಿಯಲ್ಲಿ.

ಬಂಜರು ಎಂದು ಸರಕಾರಿ ಕಾಗದಗಳಲ್ಲಿ ಬರೆಯಲ್ಪಡುವ ನಮ್ಮ ಮುರಕಲ್ಲಿನ ಪಾರೆಗಳ ಮೇಲೂ ಮಳೆಗಾಲದ ನಾಲ್ಕು ತಿಂಗಳು ಸಿಹಿನೀರಿನ ಲೋಕವೊಂದು ತೆರೆದುಕೊಳ್ಳುತ್ತದೆ. ಓಣಂ ಹೂವಿನ ರಂಗೋಲಿಗೆ ಮಕ್ಕಳು ಕೊಯ್ಯುವ ನೀಲಿ ಕಾಕ್ಕಪ್ಪೂವಿನ ಗಿಡ ಕೀಟಾಹಾರಿ. ಸಾರಜನಕ ವಿರಳವಾದ ಆ ಕಲ್ಲಿನ ಮೇಲೆ ಅದು ತನ್ನ ಸಣ್ಣ ಚೀಲಗಳಿಂದ ನೀರಿನ ಸೂಕ್ಷ್ಮಜೀವಿಗಳನ್ನು ಹೀರಿ ಕೊರತೆ ನೀಗಿಸಿಕೊಳ್ಳುತ್ತದೆ. ಪಾರೆಯ ಮೇಲೆ ನಿಂತ ಅದೇ ನೀರು ಬಿರುಕುಗಳ ಮೂಲಕ ಒಳಗಿಳಿದು, ತಿಂಗಳುಗಳ ಬಳಿಕ ಗುಡ್ಡದ ಬುಡದ ಸುರಂಗದಲ್ಲಿ ತೊಟ್ಟಿಕ್ಕುತ್ತದೆ. ಪಾರೆಯನ್ನು ಯಂತ್ರದಿಂದ ಕೊರೆದು ಕಲ್ಲು ತೆಗೆದಾಗ ಹೋಗುವುದು ಹೂವು ಮಾತ್ರವಲ್ಲ.

ಆ ಕತ್ತಲ ನೀರೂ ನಿರ್ಜೀವವಲ್ಲ ಎಂಬುದು ನನಗೆ ಈ ಶಾಸ್ತ್ರ ಕಲಿಸಿದ ಅತ್ಯಂತ ಬೆರಗಿನ ಸಂಗತಿ. ಕೇರಳದ ಮುರಕಲ್ಲಿನ ಅಂತರ್ಜಲದಲ್ಲಿ ಕಣ್ಣಿಲ್ಲದ, ಬಣ್ಣವಿಲ್ಲದ, ಮೈಯೊಳಗಿನ ರಕ್ತವೇ ಹೊರಗೆ ಕಾಣುವಂತೆ ಕೆಂಪಾದ ಮೀನುಗಳು ವಾಸಿಸುತ್ತವೆ. ಕಿರುಬೆರಳಿಗಿಂತಲೂ ಚಿಕ್ಕದಾದ ಹೊರಾಗ್ಲಾನಿಸ್ ಎಂಬ ಕುಲದ ಮೊದಲ ಜಾತಿಗೆ ವಿಜ್ಞಾನಿಗಳು ಹೆಸರಿಟ್ಟದ್ದು 1950ರಲ್ಲಿ. 2018ರ ಮಹಾಪೂರದ ಬಳಿಕ ಗದ್ದೆಯಲ್ಲಿ ಸಿಕ್ಕಿದ ವಿಚಿತ್ರ ಮೀನೊಂದರ ಚಿತ್ರವನ್ನು ಜನರು ಫೋನಿನಲ್ಲಿ ಹಂಚಿಕೊಂಡರು. ಅದು ಮುಂದಿನ ವರ್ಷ ಎನಿಗ್ಮಚನ್ನ ಎಂಬ ಹೊಸ ಕುಲವಾಗಿ ದಾಖಲಾಯಿತು. ಚೆಂಗನ್ನೂರಿನ ಮನೆಯೊಂದರ ನಲ್ಲಿನೀರಿನಲ್ಲಿ ಬಂದ ಕೆಂಪು ದಾರದಂತಹ ಮೀನಿಗೆ 2022ರಲ್ಲಿ ಪಾತಾಳದ ಹೆಸರನ್ನೇ ಇಡಲಾಯಿತು. ಈ ಮೀನುಗಳು ವಾಸಿಸುವ ಜಾಗಕ್ಕೆ ಯಾವ ಸಂಶೋಧಕನೂ ಇಳಿದು ಹೋಗಲಾರ. ಬಾವಿ ತೋಡುವವರ, ಟ್ಯಾಂಕಿ ತೊಳೆಯುವವರ, ಕೊಡದಲ್ಲಿ ನೀರು ಸೇದುವವರ ಕಣ್ಣಿಗೆ ಬಿದ್ದಾಗಲಷ್ಟೇ ಅವು ಬೆಳಕಿಗೆ ಬರುತ್ತವೆ.

ಕಾಸರಗೋಡಿನಲ್ಲಿ ಈ ಅಂತರ್ಜಲದ ಒಳಕ್ಕೆ ಮನುಷ್ಯರೇ ಅಡ್ಡವಾಗಿ ಕೊರೆದ ಬಾಗಿಲುಗಳಿವೆ. ಬೆಟ್ಟದೊಳಗೆ ಒಬ್ಬರೇ ಬಗ್ಗಿ ನಡೆಯುವಷ್ಟು ಅಗಲದ ಸುರಂಗದಿಂದ ಹರಿದು ಬರುವ ನೀರಿಗೆ ರಾತ್ರಿಯಿಡೀ ತೆಳುಬಟ್ಟೆಯೊಂದನ್ನು ಅಡ್ಡಕಟ್ಟಿ, ಬೆಳಗ್ಗೆ ಅದನ್ನು ಬಿಳಿ ತಟ್ಟೆಯಲ್ಲಿ ಕೊಡವಿ ಲೆನ್ಸಿನಲ್ಲಿ ನೋಡುವ ಕೆಲಸವನ್ನು ಯಾವ ಮನೆಯವರೂ ಮಾಡಬಹುದು. ಕೊಳವೆಬಾವಿಗಳಿಂದಾಗಿ ಸುರಂಗಗಳು ಒಂದೊಂದಾಗಿ ಬತ್ತುತ್ತಿರುವ ಈ ಹೊತ್ತಿನಲ್ಲಿ ಅದನ್ನು ಬೇಗ ಮಾಡಬೇಕಾಗಿದೆ. ಹೊರಾಗ್ಲಾನಿಸ್ ಕುಲದ ಹೊಸ ಜಾತಿಯೊಂದನ್ನು 2023ರಲ್ಲಿ ವಿವರಿಸಿದ ವಿಜ್ಞಾನಿಗಳು, ತಮಗೆ ಮಾಹಿತಿಯನ್ನೂ ಮಾದರಿಗಳನ್ನೂ ತಂದುಕೊಟ್ಟ ಊರಿನವರನ್ನು ನೆನೆದು, ಅದಕ್ಕೆ ಪೊಪ್ಯುಲಿ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ‘ಜನರ’ ಎಂದು.